ನಾಲ್ಕು ಜನರ ಎದುರು ಇಬ್ಬರು

ಪ್ರಶ್ನೆ: ನನಗೆ 31 ವರ್ಷ. ಹಾಸನ ಜಿಲ್ಲೆಯ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ಕಳೆದ ತಿಂಗಳು ಹೆಣ್ಣು ಗೊತ್ತಾಯಿತು. ಅಕ್ಕನ ಮದುವೆಗೆ ಅಪ್ಪ ಮಾಡಿದ ಸಾಲ ಇನ್ನೂ ತೀರಿಲ್ಲ, ಹಾಗಾಗಿ ಸರಳವಾಗಿ ಮದುವೆಯಾಗಬೇಕೆಂಬುದು ನನ್ನ ಆಸೆ. ಮನೆಯಲ್ಲಿ ಹೇಳಿದಾಗ ದೊಡ್ಡಪ್ಪ, "ಊರಿಗೆಲ್ಲ ನೀನೊಬ್ಬನೇ ಬುದ್ಧಿವಂತನೋ? ನಾಲ್ಕು ಜನ ಏನಂದಾರು?" ಎಂದರು. ನಾನು ಸುಮ್ಮನಾದೆ. ಛತ್ರದ ಮದುವೆ ಹೆಣ್ಣಿನ ಕಡೆಯವರದು, ಆರತಕ್ಷತೆ ಮತ್ತು ಬೀಗರ ಊಟ ನಮ್ಮದು ಎಂದು ಮಾತಾಗಿದೆ. ಅಪ್ಪ ತೆಂಗಿನ ತೋಟದ ಮೇಲೆ ಸಾಲ ತೆಗೆಯಲು ಓಡಾಡುತ್ತಿದ್ದಾರೆ. ಶಾಲೆಯಲ್ಲೂ ನನ್ನ ಕಥೆ ಇದೇ. ಹತ್ತನೇ ತರಗತಿಯ ಮಕ್ಕಳಿಗೆಲ್ಲ ಈ ಬಾರಿ ಡಿಸೆಂಬರಿನಿಂದಲೇ 'ಪಾಸಿಂಗ್ ಪ್ಯಾಕೇಜ್' (ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರಗಳ ಕಟ್ಟು) ಉರುಹೊಡೆಸುವುದೆಂದು ಸಭೆಯಲ್ಲಿ ತೀರ್ಮಾನವಾಯಿತು. ತಪ್ಪೆಂದು ಅನಿಸಿದರೂ ಎಲ್ಲರ ಜೊತೆ ಕೈಯೆತ್ತಿದೆ. ಎಲ್ಲರಂತೆ ಯೋಚಿಸದ ನಾನು ಎಲ್ಲರಂತೆಯೇ ಬದುಕುತ್ತಿದ್ದೇನೆ. ನನ್ನ ಸ್ವಭಾವದಲ್ಲೇ ಧೈರ್ಯವಿಲ್ಲವೇ? ನನ್ನತನವನ್ನು ಉಳಿಸಿಕೊಳ್ಳುವುದು ಹೇಗೆ? (ಪತ್ರವನ್ನು ಸಂಕ್ಷೇಪಿಸಲಾಗಿದೆ.)

ಉತ್ತರ: ನಿಮ್ಮ ಪೂರ್ತಿ ಪತ್ರವನ್ನು ಎರಡು ಬಾರಿ ಓದಿದೆ. ಅದರಲ್ಲಿ ಅಪ್ಪ ಇದ್ದಾರೆ, ದೊಡ್ಡಪ್ಪ ಇದ್ದಾರೆ, ಅಕ್ಕ ಇದ್ದಾರೆ, ಮುಖ್ಯೋಪಾಧ್ಯಾಯರು ಇದ್ದಾರೆ, ತೆಂಗಿನ ತೋಟವೂ ಇದೆ. ನೀವು ಕೈಹಿಡಿಯಲಿರುವ ಹುಡುಗಿಯ ವಿಷಯ ಮಾತ್ರ "ಹೆಣ್ಣು ಗೊತ್ತಾಯಿತು" ಎಂಬ ಎರಡು ಪದಕ್ಕೆ ಮುಗಿದಿದೆ. ಮದುವೆ ಹೇಗಾಗಬೇಕೆಂದು ಅವರಿಗೂ ಒಂದು ಅಭಿಪ್ರಾಯ ಇರಬಹುದಲ್ಲವೇ? ನಿಮ್ಮತನದ ಬಗ್ಗೆ ಇಷ್ಟು ಚಿಂತಿಸುವ ನೀವು ಅವರತನದ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ. ಇದನ್ನು ಗದರಿಸಲು ಹೇಳುತ್ತಿಲ್ಲ. ನಿಮ್ಮ ಕಷ್ಟದ ಪರಿಹಾರವೂ ಬಹುಮಟ್ಟಿಗೆ ಅಲ್ಲೇ ಇದೆ ಎಂಬ ಕಾರಣಕ್ಕೆ ಮೊದಲೇ ಎತ್ತಿಕೊಂಡಿದ್ದೇನೆ.

ಮೊದಲು ಧೈರ್ಯದ ಮಾತು. ಗುಂಪಿನ ಎದುರು ಬಾಯಿ ಕಟ್ಟುವುದು ಹೇಡಿಗಳಿಗೆ ಮಾತ್ರ ಎಂದು ನೀವು ತಿಳಿದಂತಿದೆ. ಮನೋವಿಜ್ಞಾನದಲ್ಲಿ ಇದರ ಬಗ್ಗೆ ನಡೆದ ಬಹು ಪ್ರಸಿದ್ಧ ಪ್ರಯೋಗ ಸಾಲೊಮನ್ ಆಶ್ ಅವರದು. 1950ರ ದಶಕದ ಆರಂಭದಲ್ಲಿ ಅವರು ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಪ್ರಾಧ್ಯಾಪಕರು. ವಿದ್ಯಾರ್ಥಿಗಳನ್ನು ಸಾಲಾಗಿ ಕೂರಿಸಿ ಎರಡು ಕಾರ್ಡು ತೋರಿಸುತ್ತಿದ್ದರು. ಒಂದರಲ್ಲಿ ಒಂದೇ ಗೆರೆ, ಇನ್ನೊಂದರಲ್ಲಿ ಮೂರು ಗೆರೆ. ಮೂರರಲ್ಲಿ ಯಾವುದು ಮೊದಲ ಕಾರ್ಡಿನ ಗೆರೆಯಷ್ಟೇ ಉದ್ದವೆಂದು ಒಬ್ಬೊಬ್ಬರಾಗಿ ಗಟ್ಟಿಯಾಗಿ ಹೇಳಬೇಕು. ಒಂದನೇ ತರಗತಿಯ ಮಗುವೂ ಸರಿಯಾಗಿ ಹೇಳಬಲ್ಲ ಪ್ರಶ್ನೆ ಅದು. ಆದರೆ ಅಲ್ಲಿದ್ದವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಅವರೇ ಹೇಳಿಕೊಟ್ಟು ಕೂರಿಸಿದವರು. ಆ ಒಬ್ಬನ ಸರದಿ ಬರುವುದು ಕೊನೆಯ ಹೊತ್ತಿಗೆ. 18 ಸುತ್ತುಗಳಲ್ಲಿ 12 ಸುತ್ತು ಎಲ್ಲರೂ ಕೂಡಿ, ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲದೆ, ಒಂದೇ ತಪ್ಪು ಗೆರೆಯನ್ನು ಹೇಳುತ್ತಿದ್ದರು. ಆ ಬಡಪಾಯಿ ಕಣ್ಣುಜ್ಜಿಕೊಳ್ಳುತ್ತಾನೆ, ಕಾರ್ಡನ್ನು ಮತ್ತೆ ನೋಡುತ್ತಾನೆ, ಪಕ್ಕದವರ ಮುಖ ನೋಡುತ್ತಾನೆ.

ಹೀಗೆ ಪರೀಕ್ಷೆಗೊಳಗಾದ 123 ಮಂದಿಯಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಗುಂಪಿನ ತಪ್ಪು ಉತ್ತರವನ್ನೇ ಹೇಳಿದರು. ಒಟ್ಟು ಉತ್ತರಗಳ ಲೆಕ್ಕದಲ್ಲಿ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ಗುಂಪಿನ ಕಡೆಗೆ ವಾಲಿದವು. ನೆನಪಿಡಿ, ಅಲ್ಲಿ ದೊಡ್ಡಪ್ಪ ಇರಲಿಲ್ಲ, ಕುಲದ ಮಾನ ಇರಲಿಲ್ಲ, ಬಡ್ತಿ ತಪ್ಪುವ ಭಯವೂ ಇರಲಿಲ್ಲ. ಮಾತು ಕೇವಲ ಗೆರೆಗಳದು. ಅಷ್ಟಕ್ಕೇ ನಾಲಗೆ ತಡವರಿಸಿತು. ಹಾಗಿರುವಾಗ ಹುಟ್ಟಿದ ಮನೆಯ ಹಜಾರದಲ್ಲಿ, ಎತ್ತಿ ಆಡಿಸಿದ ದೊಡ್ಡಪ್ಪನ ಎದುರು ನೀವು ಸುಮ್ಮನಾದರೆ ಅದು ನಿಮ್ಮ ಸ್ವಭಾವದ ಕೊರತೆ ಎಂದು ನಾನು ಬರೆದುಕೊಡಲಾರೆ.

ಈ ಪ್ರಯೋಗವನ್ನು ಹೇಳುವವರು ಹೆಚ್ಚಾಗಿ ಇಲ್ಲಿಗೆ ನಿಲ್ಲಿಸಿ, "ಮನುಷ್ಯ ಕುರಿಮಂದೆ" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ನಿಮಗೆ ಬೇಕಾದ ಭಾಗ ಅದರ ಮುಂದಿನದು. ಆಶ್ ಇನ್ನೊಂದು ಸಲ ಅದೇ ಪ್ರಯೋಗ ಮಾಡಿದಾಗ ಗುಂಪಿನೊಳಗೆ ಸರಿ ಉತ್ತರ ಹೇಳುವ ಒಬ್ಬನನ್ನು ಸೇರಿಸಿದರು. ಒಬ್ಬನೇ ಒಬ್ಬ. ಉಳಿದವರೆಲ್ಲ ಮೊದಲಿನಂತೆಯೇ ತಪ್ಪು ಹೇಳಿದರೂ ಗುಂಪಿಗೆ ಮಣಿಯುವುದು ಸುಮಾರು ಕಾಲು ಭಾಗಕ್ಕೆ ಇಳಿಯಿತು. ಇನ್ನೂ ಸ್ವಾರಸ್ಯದ್ದು ಇದು: ಆ ಜೊತೆಗಾರ ಅರ್ಧದಲ್ಲಿ ಪಕ್ಷ ಬದಲಿಸಿ ಗುಂಪಿನ ಜೊತೆ ತಪ್ಪು ಹೇಳತೊಡಗಿದರೆ ಪರೀಕ್ಷೆಗೊಳಗಾದವನ ಧೈರ್ಯವೂ ಕುಸಿಯಿತು. ಆದರೆ ಡೀನ್ ಅವರನ್ನು ಕಾಣಬೇಕೆಂಬ ನೆಪ ಹೇಳಿ ಆ ಜೊತೆಗಾರ ಎದ್ದುಹೋದಾಗ ಅಷ್ಟು ಕುಸಿಯಲಿಲ್ಲ. ಜೊತೆಗಿದ್ದವನು ಹೋದರೂ ಅವನು ಕೊಟ್ಟ ಬಲ ಉಳಿಯಿತು. ನಿಮ್ಮ ಸಂಗತಿಗೆ ಇದಕ್ಕಿಂತ ಹತ್ತಿರದ ಪಾಠ ನನಗೆ ಗೊತ್ತಿಲ್ಲ. ಭಿನ್ನವಾಗಿ ಯೋಚಿಸುವುದು ನಿಮಗೆ ಬರುತ್ತದೆ, ಪತ್ರವೇ ಅದಕ್ಕೆ ಸಾಕ್ಷಿ. ನೀವು ಒಬ್ಬರೇ ಇದ್ದೀರಿ, ಅದು ತೊಡಕು.

ಆಶ್ ಅವರು ಗುಂಪಿನ ಗಾತ್ರವನ್ನೂ ಬದಲಿಸಿ ನೋಡಿದರು. ಎದುರಿಗೆ ಒಬ್ಬನಿದ್ದರೆ ಯಾರೂ ಹೆಚ್ಚು ಲೆಕ್ಕಿಸಲಿಲ್ಲ. ಇಬ್ಬರಾದಾಗ ಸ್ವಲ್ಪ ಅಳುಕಿದರು. ಮೂವರಾದಾಗ ಒತ್ತಡ ಹೆಚ್ಚುಕಡಿಮೆ ಪೂರ್ತಿಯಾಯಿತು. ಅದರ ಮೇಲೆ ಎಷ್ಟು ಜನ ಸೇರಿಸಿದರೂ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ನಮ್ಮ ಹಿರಿಯರು "ನೂರು ಜನ ಏನಂದಾರು" ಎನ್ನದೆ ನಾಲ್ಕಕ್ಕೇ ನಿಲ್ಲಿಸಿದ್ದು ಸುಮ್ಮನೆ ಅಲ್ಲವೇನೋ!

ನಮ್ಮ ಸಮಾಜ ಮಾತ್ರ ಹೀಗೆ ಎಂದೂ ಕೊರಗಬೇಡಿ. 17 ದೇಶಗಳಲ್ಲಿ ನಡೆದ ಇಂಥ 133 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಕುಟುಂಬ, ಸಮುದಾಯಗಳಿಗೆ ಹೆಚ್ಚು ತೂಕ ಕೊಡುವ ದೇಶಗಳಲ್ಲಿ ಗುಂಪಿಗೆ ಮಣಿಯುವುದು ಹೆಚ್ಚು ಎಂಬುದು ನಿಜ. ಆದರೆ ಅಮೆರಿಕದಂಥ ದೇಶದಲ್ಲೂ ಅದು ಇಲ್ಲವಾಗಿಲ್ಲ, 1950ರ ದಶಕದಿಂದೀಚೆಗೆ ತಗ್ಗಿದೆ ಅಷ್ಟೆ.

ಹೀಗಾಗಿ ಮೊದಲ ಕೆಲಸ, ಆ ಹುಡುಗಿಯೊಡನೆ ಮಾತನಾಡುವುದು. ಫೋನಿನಲ್ಲಿ ಬೇಡ, ಕೂತು ಮಾತನಾಡಿ. "ನನಗೆ ಸರಳ ಮದುವೆ ಇಷ್ಟ, ನೀವು ಒಪ್ಪುತ್ತೀರಾ?" ಎಂದು ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ಅದು ಇನ್ನೊಬ್ಬ ದೊಡ್ಡಪ್ಪ ಕೇಳಿದ ಹಾಗೆಯೇ. ಅವರು ತಲೆಯಾಡಿಸಿ ಬಿಡುತ್ತಾರೆ. ನಿಮ್ಮ ಅಭಿಪ್ರಾಯವನ್ನು ತುಸು ಹೊತ್ತು ಮುಚ್ಚಿಟ್ಟುಕೊಂಡು, ಅವರು ನೋಡಿದ ಮದುವೆಗಳಲ್ಲಿ ಯಾವುದು ಇಷ್ಟವಾಯಿತು, ಯಾವುದು ಅತಿಯೆನಿಸಿತು, ಅವರ ಮನೆಯಲ್ಲಿ ಹಣ ಎಲ್ಲಿಂದ ಹೊಂದಿಸುತ್ತಿದ್ದಾರೆ ಎಂಬುದನ್ನು ಕೇಳಿ. ಕೊನೆಯ ಪ್ರಶ್ನೆ ಮುಖ್ಯ. ನೀವು ಅಪ್ಪನ ಸಾಲದ ಬಗ್ಗೆ ಬರೆದಿದ್ದೀರಿ. ಛತ್ರದ ಬಾಡಿಗೆ, ಅಡುಗೆಯವರು, ಒಡವೆ, ಬಂದವರಿಗೆ ತಾಂಬೂಲದ ಚೀಲ, ಇವೆಲ್ಲ ಬೀಳುವುದು ಹೆಣ್ಣು ಹೆತ್ತವರ ಕೊರಳಿಗೆ. ಅದು ಹೇಗಿರುತ್ತದೆಂದು ಅಕ್ಕನ ಮದುವೆಯಲ್ಲಿ ನಿಮ್ಮ ಮನೆ ಕಂಡಿದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದೇ ಮಾತಿಗೆ ಬೇರೆ ಬೇರೆ ಬಾಯಲ್ಲಿ ಬೇರೆ ಬೇರೆ ಬೆಲೆ. "ಮದುವೆ ಸರಳವಾಗಿರಲಿ" ಎಂದು ಹೆಣ್ಣಿನ ತಂದೆ ಹೇಳಿದರೆ, "ಕೈಲಾಗದವನು" ಎನ್ನುತ್ತಾರೆ, ಇಲ್ಲವೇ "ಏನೋ ಇದೆ, ಅವಸರದಲ್ಲಿ ಮುಗಿಸುತ್ತಿದ್ದಾರೆ" ಎಂದು ಗುಸುಗುಸು ಶುರುವಾಗುತ್ತದೆ. ಹುಡುಗಿಯೇ ಹೇಳಿದರೆ "ಈಗಲೇ ಇಷ್ಟು ಬಾಯಿ!" ಎನ್ನುತ್ತಾರೆ. ಅದೇ ಮಾತನ್ನು ಗಂಡಿನ ಕಡೆಯವರು ಹೇಳಿದರೆ ದೊಡ್ಡತನ. ಈ ಅನ್ಯಾಯ ನೀವು ಮಾಡಿದ್ದಲ್ಲ, ಆದರೆ ನೀವು ನಿಂತಿರುವ ಜಾಗ ಯಾವುದೆಂದು ನೋಡಿಕೊಳ್ಳಿ. ಈ ಮದುವೆಯಲ್ಲಿ ಅತಿ ಕಡಿಮೆ ಬೆಲೆ ತೆತ್ತು "ಬೇಡ" ಎನ್ನಬಲ್ಲವರು ಯಾರಾದರೂ ಇದ್ದರೆ ಅದು ನೀವು. ನಿಮಗೆ ಭಾರವೆನಿಸುವ ಮಾತು ಅವರಿಗೆ ಹತ್ತು ಪಟ್ಟು ಭಾರ. ಅದನ್ನು ಅವರ ಪರವಾಗಿ ನೀವು ಆಡಬೇಕಾಗುತ್ತದೆ, ಅವರನ್ನು ಕೇಳಿದ ಮೇಲೆ.

ಎಡ್ವಿನ್ ಹಾಲಂಡರ್ ಎಂಬ ಮನೋವಿಜ್ಞಾನಿ 1958ರಲ್ಲಿ ಇದನ್ನೇ ಒಂದು ಸಿದ್ಧಾಂತವಾಗಿ ಮಂಡಿಸಿದರು. ಗುಂಪಿನ ಕೆಲಸಕ್ಕೆ ಹೆಗಲು ಕೊಟ್ಟವನ ಹೆಸರಿಗೆ ಒಂದು ಬಗೆಯ ಜಮೆ ಬೀಳುತ್ತದೆ. ಮುಂದೆ ಅವನು ಗುಂಪಿಗೆ ವಿರುದ್ಧವಾಗಿ ನಡೆದಾಗ ಆ ಜಮೆಯಿಂದ ಖರ್ಚಾಗುತ್ತದೆ. ಖಾತೆ ಬರಿದಾಗಿರುವವನು ಭಿನ್ನಮತ ಹೇಳಿದರೆ ಅಧಿಕಪ್ರಸಂಗಿ, ಜಮೆ ಇರುವವನು ಹೇಳಿದರೆ ವಿಚಾರವಂತ. ನಮ್ಮಲ್ಲಿ ಇದಕ್ಕೆ ಎಚ್. ನರಸಿಂಹಯ್ಯನವರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಅವರು ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಸಮಿತಿ ರಚಿಸಿ ನಾಡಿನ ಅಸಂಖ್ಯ ಭಕ್ತರ ಸಿಟ್ಟಿಗೆ ಗುರಿಯಾದರು. ಬೈದವರು ಬಹಳ. ಆದರೆ 1942ರ ಚಳವಳಿಯಲ್ಲಿ ಜೈಲು ಕಂಡವರು, ಅಮೆರಿಕದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದು ಮತ್ತೆ ಖಾದಿ ತೊಟ್ಟು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕಿದವರು ಅವರು. ಅಂಥವರು "ಪ್ರಶ್ನಿಸದೆ ಒಪ್ಪಬೇಡಿ" ಎಂದಾಗ ಇದರಿಂದ ಇವರಿಗೇನೋ ಲಾಭವಿದೆ ಎಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಮಿಕ್ಕ ವಿಷಯಗಳಲ್ಲಿ ಅವರ ಖಾತೆ ಅಷ್ಟು ತುಂಬಿತ್ತು.

ನಿಮ್ಮ ಖಾತೆಯಲ್ಲಿ ಏನಿದೆ? ಅಕ್ಕನ ಮದುವೆ ಸಾಲದ ಕಂತನ್ನು ಈಗ ನೀವೇ ಕಟ್ಟುತ್ತಿದ್ದೀರೆಂದು ಪತ್ರದಲ್ಲಿ ಒಂದು ಕಡೆ ಬರೆದಿದ್ದೀರಿ. ಇದನ್ನು ದೊಡ್ಡಪ್ಪನ ಎದುರು ಹೇಳಿದ್ದೀರಾ? "ನನಗೆ ಆಡಂಬರ ಹಿಡಿಸುವುದಿಲ್ಲ" ಎಂಬ ಮಾತು ಆದರ್ಶದ್ದು, ಅದನ್ನು ಹಿರಿಯರು ಸುಲಭವಾಗಿ ಗಾಳಿಗೆ ತೂರುತ್ತಾರೆ. "ಒಂದು ಸಾಲದ ಕಂತು ನಾನು ಕಟ್ಟುತ್ತಿದ್ದೇನೆ, ಎರಡನೆಯದಕ್ಕೆ ನನ್ನ ಸಂಬಳ ಸಾಲದು" ಎಂಬ ಮಾತನ್ನು ತೂರುವುದು ಕಷ್ಟ. ನಿಮ್ಮ ವೈಚಾರಿಕತೆಗಿಂತ ನಿಮ್ಮ ಸಂಬಳದ ಚೀಟಿ ಆ ಹಜಾರದಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇನ್ನು ಆ ನಾಲ್ಕು ಜನ. ಒಂದು ಹಾಳೆಯಲ್ಲಿ ಅವರ ಹೆಸರು ಬರೆಯಿರಿ. 'ಊರಿನವರು', 'ನೆಂಟರು' ಎಂದೆಲ್ಲ ಬೇಡ. ನಿಜವಾಗಿ ಯಾರ ಮಾತಿಗೆ ಅಪ್ಪ ಅಂಜುತ್ತಾರೋ ಅವರ ಹೆಸರು. ದೊಡ್ಡಪ್ಪ, ಸೋದರಮಾವ, ಸೊಸೈಟಿಯ ಅಧ್ಯಕ್ಷರಾಗಿದ್ದ ಒಬ್ಬ ಪರಿಚಿತರು, ಹೀಗೆ ಬರೆಯುತ್ತಾ ಹೋದರೆ ಪಟ್ಟಿ ಬೇಗ ಮುಗಿದುಹೋಗುತ್ತದೆ. ಅವರಲ್ಲಿ ನಿಮಗೆ ಸಲಿಗೆಯಿರುವ ಒಬ್ಬರ ಮನೆಗೆ ಒಂದು ಸಂಜೆ ಹೋಗಿ ಬನ್ನಿ. ಸಲಹೆ ಕೇಳುವ ನೆಪದಲ್ಲಿ, ಅವರ ಮನೆಯ ಮದುವೆಗೆ ಏನಾಯಿತು, ಹೇಗೆ ಹೊಂದಿಸಿದರು ಎಂದು ಮಾತಿಗೆಳೆಯಿರಿ. ಹತ್ತು ನಿಮಿಷ ಜಂಬ ಇರಬಹುದು. ಆಮೇಲೆ ನಿಟ್ಟುಸಿರು ಬರುವ ಸಾಧ್ಯತೆ ಹೆಚ್ಚು.

ಹೀಗೆ ನಂಬಿಕೆಯಿಂದ ಹೇಳುವುದಕ್ಕೆ ಕಾರಣವಿದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕುಡಿತದ ಅಭ್ಯಾಸದ ಬಗ್ಗೆ ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ ನಡೆಸಿದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಕ್ಯಾಂಪಸ್ಸಿನ ಮಿತಿಮೀರಿದ ಕುಡಿತ ತಮಗೆ ಅಷ್ಟಾಗಿ ಒಗ್ಗುವುದಿಲ್ಲವೆಂದು ಹೆಚ್ಚಿನವರು ಗುಟ್ಟಾಗಿ ಹೇಳಿದರು. ಅದರ ಜೊತೆಗೇ, ಉಳಿದವರಿಗೆಲ್ಲ ಅದು ಸಲೀಸೆಂದೂ ನಂಬಿದ್ದರು. ಪ್ರತಿಯೊಬ್ಬನೂ ಉಳಿದವರನ್ನು ನೋಡಿ ಸುಮ್ಮನಿದ್ದ. ಉಳಿದವರು ಅವನ ಮೌನವನ್ನು ನೋಡಿ ಒಪ್ಪಿಗೆಯೆಂದು ತಿಳಿದರು. ಯಾರಿಗೂ ಅಷ್ಟೇನೂ ಇಷ್ಟವಿಲ್ಲದ ಪದ್ಧತಿ ಹೀಗೆ ಎಲ್ಲರ ಹೆಸರಿನಲ್ಲಿ ಮುಂದುವರಿಯುತ್ತದೆ. ನಮ್ಮ ಆರತಕ್ಷತೆಯ ಸಾಲನ್ನು ಒಮ್ಮೆ ನೆನಪಿಸಿಕೊಳ್ಳಿ. ಕೈಯಲ್ಲಿ ಮುಯ್ಯಿಯ ಲಕೋಟೆ, ಬಗಲಲ್ಲಿ ನಿದ್ದೆಗೆ ಅಳುವ ಮಗು, ಎದುರಿಗೆ ಕಣ್ಣು ಕೋರೈಸುವ ದೀಪ, ವೇದಿಕೆ ಹತ್ತಲು ಮುಕ್ಕಾಲು ಗಂಟೆ, ಹತ್ತಿದ ಮೇಲೆ ಅರ್ಧ ನಿಮಿಷದ ಫೋಟೋ. ಆ ಸಾಲಿನಲ್ಲಿ ನಿಂತ ಎಷ್ಟು ಜನರಿಗೆ ಅದು ಬೇಕಾಗಿತ್ತು? ಆದರೆ ತಮ್ಮ ಮಗಳ ಮದುವೆ ಬಂದಾಗ ಅದೇ ವೇದಿಕೆಗೆ ಮುಂಗಡ ಕೊಟ್ಟು ಬರುತ್ತಾರೆ, "ಜನ ಬಯಸುತ್ತಾರೆ" ಎಂದುಕೊಂಡು.

ಇಷ್ಟಾದರೂ ಅಪ್ಪನ ಹಟವನ್ನು ಬರೀ 'ಜನರ ಭಯ' ಎಂದು ತಳ್ಳಿಹಾಕಬೇಡಿ. ನಿಮ್ಮ ಪತ್ರದಲ್ಲಿ ನನಗೆ ಹಿಡಿಸದ ಭಾಗ ಅದು. ನಿಮ್ಮ ಮನೆಯ ಬೀರುವಿನಲ್ಲಿ ಮುಯ್ಯಿ ಪುಸ್ತಕ ಇರಲೇಬೇಕು, ತೆಗೆದು ನೋಡಿ. ಅಕ್ಕನ ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಎಂಬುದು ಅದರಲ್ಲಿ ಹೆಸರು, ಊರು ಸಮೇತ ಇರುತ್ತದೆ. ಅದನ್ನು ನೋಡಿಕೊಂಡೇ ಅಪ್ಪ ಅವರವರ ಮನೆಯ ಶುಭಕಾರ್ಯಕ್ಕೆ ಅಷ್ಟೋ, ಅದಕ್ಕಿಂತ ತುಸು ಹೆಚ್ಚೋ ಕೊಟ್ಟು ಬಂದಿರುತ್ತಾರೆ. ಬ್ಯಾಂಕು ಹಳ್ಳಿಯನ್ನು ಕೇಳದಿದ್ದ ಕಾಲದಲ್ಲಿ ಹೆಣ್ಣುಮಕ್ಕಳ ಮದುವೆ ಸಾಗುತ್ತಿದ್ದದ್ದು ಈ ಮುಯ್ಯಿಯಿಂದ. ಹಣದ ಲೆಕ್ಕಕ್ಕಿಂತ ಊಟದ ಲೆಕ್ಕ ಇನ್ನೂ ದೊಡ್ಡದು. ಇಷ್ಟು ವರ್ಷ ಅಪ್ಪ ಎಷ್ಟು ಚಪ್ಪರದಡಿ ಎಲೆಯ ಮುಂದೆ ಕೂತಿದ್ದಾರೋ ಅಷ್ಟೂ ಮನೆಯವರನ್ನು ಒಮ್ಮೆ ತಮ್ಮ ಎಲೆಯ ಮುಂದೆ ಕೂರಿಸಬೇಕೆಂಬ ಆಸೆ ಅವರದು. ಮಗನ ಮದುವೆ ಅದಕ್ಕೆ ಸಿಗುವ ಕೊನೆಯ ಅವಕಾಶ. ನೀವು "ಸರಳ ಮದುವೆ" ಎಂದಾಗ ಅವರ ಕಿವಿಗೆ ಬೀಳುವುದು "ನೀನು ಉಂಡದ್ದನ್ನು ತೀರಿಸಬೇಡ" ಎಂದು. ಇದಕ್ಕೆ ವೈಚಾರಿಕತೆಯ ಭಾಷಣ ಉತ್ತರವಾಗುವುದಿಲ್ಲ.

ಖರ್ಚಿನ ಯಾವ ಭಾಗ ಈ ಋಣಕ್ಕೆ ಸೇರಿದ್ದು, ಯಾವುದು ಇತ್ತೀಚೆಗೆ ಅಂಟಿಕೊಂಡದ್ದು ಎಂದು ಬೇರೆ ಮಾಡಿ. ಡ್ರೋನ್ ಕ್ಯಾಮೆರಾ, ಮದುವೆಗೆ ಮುಂಚಿನ ಫೋಟೋ ಚಿತ್ರೀಕರಣ, ಮಂಟಪಕ್ಕೆ ಹೊರ ಊರಿನ ಹೂವು, ಹೊಗೆ ಉಗುಳುವ ಯಂತ್ರ, ಇವುಗಳಲ್ಲಿ ಯಾವುದನ್ನೂ ನಿಮ್ಮ ಅಪ್ಪ ಯಾರ ಮನೆಯಲ್ಲೂ 'ಉಂಡಿಲ್ಲ'. ಇವನ್ನು ಬಿಟ್ಟರೆ ಅವರಿಗೆ ನೋವಾಗುವುದಿಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ಊಟ ಬಿಡಬೇಡಿ. ಮನೆಯ ಮುಂದೆ ಚಪ್ಪರ ಹಾಕಿಸಿ, ಊರಿನ ಅಡುಗೆಯವರನ್ನೇ ಕರೆಸಿ, ಬೀಗರ ಊಟವನ್ನು ಗಟ್ಟಿಯಾಗಿ ಮಾಡಿ. ಮುದ್ದೆ, ಬಾಡಿನ ಸಾರು ಹೊಟ್ಟೆ ತುಂಬ ಉಂಡು ಎದ್ದವರು ಡ್ರೋನ್ ಎಲ್ಲಿ ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಆರತಕ್ಷತೆ ಒಂದನ್ನು ಕೈಬಿಟ್ಟರೂ ತೋಟದ ಮೇಲಿನ ಸಾಲದಲ್ಲಿ ದೊಡ್ಡ ಪಾಲು ಇಳಿಯಬೇಕು, ಲೆಕ್ಕ ಹಾಕಿ ನೋಡಿ.

ಇದನ್ನು ರಾಜಿ ಎಂದು ಮೂಗು ಮುರಿಯುವವರಿದ್ದಾರೆ. ಎಲ್ಲರೂ ಮಾಡುವುದನ್ನೆಲ್ಲ ಬಿಟ್ಟರೆ ಮಾತ್ರ ತಮ್ಮತನ ಎಂಬುದು ಅವರ ಲೆಕ್ಕ. ಆದರೆ ಎಲ್ಲರೂ ಬಲಕ್ಕೆ ಹೋದಾಗ ತಪ್ಪದೆ ಎಡಕ್ಕೆ ಹೋಗುವವನ ದಾರಿಯನ್ನೂ ಗೊತ್ತುಮಾಡುವವರು ಆ ಎಲ್ಲರೇ. ಯಾರೂ ನೋಡದಿದ್ದರೂ, ಯಾರೂ ಮೆಚ್ಚದಿದ್ದರೂ ನಿಮಗೆ ಸಾಲವಿಲ್ಲದ ಮದುವೆ ಬೇಕೇ? ಹೌದಾದರೆ ಹಿಡಿಯಿರಿ. ಬೇರೆ ಏನೇನನ್ನು ಬಿಟ್ಟುಕೊಟ್ಟರೂ ಅದೊಂದನ್ನು ಬಿಡಬೇಡಿ.

"ಬೇಡ" ಎಂಬುದಕ್ಕೆ ರೂಪವಿಲ್ಲ ಎಂಬುದನ್ನೂ ಗಮನಿಸಿ. ಬಂದ ಜನ ಎಲ್ಲಿ ನಿಲ್ಲಬೇಕು, ಏನನ್ನು ನೋಡಬೇಕು, ಯಾವಾಗ ಅಕ್ಷತೆ ಹಾಕಬೇಕು ಎಂದು ತಿಳಿಯದಿದ್ದರೆ ಮದುವೆಗೆ ಬಂದಂತೆಯೇ ಅವರಿಗೆ ಅನಿಸುವುದಿಲ್ಲ. ಇದನ್ನು ಚೆನ್ನಾಗಿ ಅರಿತವರು ಕುವೆಂಪು. ಅವರು ಆಡಂಬರದ ಮದುವೆಯನ್ನು ಟೀಕಿಸಿ ಸುಮ್ಮನಾಗಲಿಲ್ಲ, 'ಮಂತ್ರ ಮಾಂಗಲ್ಯ' ಎಂಬ ವಿಧಿಯನ್ನೇ ರಚಿಸಿಕೊಟ್ಟರು. ಪುರೋಹಿತರು ಬೇಕಿಲ್ಲ, ವರದಕ್ಷಿಣೆ ಕೂಡದು. ವಧೂವರರು ನೆರೆದವರ ಎದುರು ಪ್ರತಿಜ್ಞೆಯ ಮಾತುಗಳನ್ನು ಓದಿ ಸತಿಪತಿಗಳಾಗುತ್ತಾರೆ. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಈ ರೀತಿಯಲ್ಲಿ ಮದುವೆಯಾದರು. ಮುಂದೆ ರೈತ ಸಂಘದವರು ಇಂಥ ಸರಳ ಮದುವೆಗಳನ್ನು ಹಳ್ಳಿಹಳ್ಳಿಗೆ ಒಯ್ದರು. ಒಬ್ಬ ಕವಿಯ ಮನೆಯ ಭಿನ್ನಮತ ಹಳ್ಳಿಯ ರೈತನಿಗೂ ಎಟುಕಿದ್ದು ಅದಕ್ಕೊಂದು ಪಠ್ಯ, ಒಂದು ಕ್ರಮ, ಒಂದು ಹೆಸರು ಇದ್ದುದರಿಂದ. "ಏನು ಮದುವೆಯಪ್ಪಾ ಇದು?" ಎಂದವರಿಗೆ "ಮಂತ್ರ ಮಾಂಗಲ್ಯ" ಎಂದು ಹೇಳಿದರೆ ಸಾಕಿತ್ತು. ನಿಮ್ಮ ದೊಡ್ಡಪ್ಪನಿಗೂ ಆ ಹೆಸರು ಗೊತ್ತಿರುತ್ತದೆ, ಕೇಳಿ ನೋಡಿ. ಅಕ್ಕನ ಬಾಯಲ್ಲಿ ಪ್ರತಿಜ್ಞೆಯ ಮಾತುಗಳನ್ನು ಓದಿಸಬಹುದು. ದೊಡ್ಡಪ್ಪನ ಕೈಯಲ್ಲೇ ಮೊದಲ ಅಕ್ಷತೆ ಹಾಕಿಸಬಹುದು. ಹಿರಿಯರಿಗೆ ಒಂದು ಕೆಲಸ ಕೊಟ್ಟರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ಕಾನೂನಿನ ಒಂದು ಎಚ್ಚರಿಕೆ. ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳಂತೆ ಮದುವೆ ನಡೆದಿರಬೇಕು. ವಿಧಿಯೇ ನಡೆಯದೆ ಬರೀ ನೋಂದಣಿ ಮಾಡಿಸಿದರೆ ಅದು ಆ ಕಾಯ್ದೆಯಡಿ ಮದುವೆಯಾಗದು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ರೂಢಿಯ ವಿಧಿಗಳನ್ನು ಪೂರ್ತಿ ಬಿಡುವುದಾದರೆ 1954ರ ವಿಶೇಷ ವಿವಾಹ ಕಾಯ್ದೆಯ ದಾರಿ ಭದ್ರವಾದದ್ದು. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸು ಕೊಡಬೇಕು. ಆಕ್ಷೇಪಣೆಗೆ 30 ದಿನ ಕಾಯಬೇಕು. ಆಮೇಲೆ ಮೂವರು ಸಾಕ್ಷಿಗಳ ಎದುರು ಸಹಿ. ನೋಟಿಸು ಕೊಟ್ಟ ಮೂರು ತಿಂಗಳೊಳಗೆ ಮದುವೆ ಮುಗಿಯಬೇಕು. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಈ ದಿನಗಳ ಲೆಕ್ಕ ಹಾಕಿಕೊಳ್ಳಿ.

ಭಿನ್ನವಾಗಿ ನಡೆದವರು ತೆರುವ ಬೆಲೆ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನು ಇತರ ಓದುಗರಿಗಾಗಿ ಹೇಳಬೇಕು. ಮಂಗಳೂರಿನಲ್ಲಿ 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರನ್ನು ಅವರ ಸ್ವಂತ ಸಮುದಾಯವೇ ಬಹಿಷ್ಕರಿಸಿತು. ಇಂದಿಗೂ ಜಾತಿ ಮೀರಿ ಮದುವೆಯಾಗುವವರಿಗೆ ಎದುರಾಗುವುದು ಬರೀ ಗುಸುಗುಸು ಅಲ್ಲ, ಕೆಲವೊಮ್ಮೆ ಪ್ರಾಣಾಪಾಯ. ಅಂಥವರಿಗೆ 'ನಿಟ್ಟುಸಿರು ಕೇಳಿ ಬನ್ನಿ' ಎಂಬ ನನ್ನ ಸಲಹೆ ಹೊಂದುವುದಿಲ್ಲ. ಅವರು ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು, ಪೊಲೀಸರಿಗೆ ಲಿಖಿತವಾಗಿ ತಿಳಿಸಬೇಕು. ಇಂಥ ಜೋಡಿಗಳಿಗೆ ರಕ್ಷಣೆ ಕೊಡುವುದು ಆಡಳಿತದ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನಗಳನ್ನೇ ನೀಡಿದೆ. ನಿಮ್ಮ ಕಷ್ಟ ಆ ಬಗೆಯದಲ್ಲ. ನಿಮಗೆ ಆಗಬಹುದಾದದ್ದು ಹೆಚ್ಚೆಂದರೆ ಒಂದೆರಡು ವರ್ಷದ ಮುನಿಸು.

ಶಾಲೆಯ ವಿಷಯ ಇಷ್ಟು ಬೆಳೆಸುವಂಥದ್ದಲ್ಲ. ಪಾಸಿಂಗ್ ಪ್ಯಾಕೇಜನ್ನು ಪೂರ್ತಿ ಬೈಯಬೇಡಿ. ಪಾಸು-ಫೇಲಿನ ಗಡಿಯಲ್ಲಿ ತೂಗುತ್ತಿರುವ ಮಗುವಿಗೆ ಅದು ಕೈಗೆ ಸಿಗುವ ಹಗ್ಗ. ಫೇಲಾದರೆ ಆ ಮಗು, ಅದರಲ್ಲೂ ಹೆಣ್ಣುಮಗು, ಮತ್ತೆ ಶಾಲೆಯ ಮೆಟ್ಟಿಲು ಹತ್ತದಿರಬಹುದು. ತಪ್ಪಿರುವುದು ಎಲ್ಲ ಮಕ್ಕಳನ್ನೂ ಡಿಸೆಂಬರಿನಿಂದಲೇ ಅದರೊಳಗೆ ತುಂಬುವುದರಲ್ಲಿ. ಹಾಗಾದರೆ ಹೇಳಬೇಕಾದದ್ದೂ ಅಷ್ಟನ್ನೇ. ಸಭೆಗೆ ಮುಂಚೆ ಗಣಿತದ ಮೇಷ್ಟರನ್ನೋ ಇಂಗ್ಲಿಷ್ ಮೇಡಂ ಅವರನ್ನೋ ಮಾತನಾಡಿಸಿ, ಒಬ್ಬರನ್ನು ಒಪ್ಪಿಸಿಕೊಳ್ಳಿ. ಕೈಯೆತ್ತಿಸುವ ಬದಲು ಎಲ್ಲರೂ ಒಂದು ಚೀಟಿಯಲ್ಲಿ ಅಭಿಪ್ರಾಯ ಬರೆದುಕೊಡಲಿ ಎಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿ. ಆಶ್ ಪ್ರಯೋಗದಲ್ಲಿ ಉತ್ತರವನ್ನು ಗಟ್ಟಿಯಾಗಿ ಹೇಳದೆ ಗುಟ್ಟಾಗಿ ಬರೆಯಲು ಬಿಟ್ಟಾಗ ಗುಂಪಿಗೆ ಮಣಿಯುವವರು ಬಹಳ ಕಡಿಮೆಯಾದರು. ಮೊದಲ ಸಲ ನಿಮ್ಮ ಮಾತು ಬಿದ್ದುಹೋದರೆ ಮುಂದಿನ ಸಭೆಯಲ್ಲಿ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿ. ಫ್ರಾನ್ಸಿನಲ್ಲಿ ಸರ್ಜ್ ಮಾಸ್ಕೊವಿಸಿ 1969ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರು ಜನರ ಗುಂಪಿನ ಇಬ್ಬರು ನೀಲಿ ಬಣ್ಣವನ್ನು ಪ್ರತಿಸಲವೂ ಹಸಿರು ಎಂದಾಗ ಉಳಿದವರ ನೂರು ಉತ್ತರಗಳಲ್ಲಿ ಸುಮಾರು ಎಂಟು ಅವರ ಕಡೆ ವಾಲಿದವು. ಅದೇ ಇಬ್ಬರು ಒಮ್ಮೆ ಹಸಿರು, ಒಮ್ಮೆ ನೀಲಿ ಎಂದಾಗ ವಾಲಿದ್ದು ಒಂದು ಚಿಲ್ಲರೆ. ಸುಳ್ಳನ್ನೇ ಬಿಡದೆ ಹೇಳಿ ಅಷ್ಟು ಸಾಧಿಸಿದರು. ನಿಮ್ಮ ಹತ್ತಿರ ನಿಜವಿದೆ.

ಉಳಿದದ್ದು ಒಂದು ಪ್ರಶ್ನೆ. ಹುಡುಗಿ ತನಗೆ ಅದ್ದೂರಿ ಮದುವೆಯೇ ಬೇಕೆಂದರೆ? ಹಾಗೆನ್ನಬಹುದು, ಅದಕ್ಕೆ ಅವರಿಗೆ ಪೂರ್ತಿ ಹಕ್ಕಿದೆ. ಆಗ ಮುಖ ಸಣ್ಣದು ಮಾಡಿಕೊಂಡು ಎದ್ದು ಬರಬೇಡಿ, "ಇವಳೂ ಎಲ್ಲರಂತೆಯೇ" ಎಂಬ ತೀರ್ಪನ್ನೂ ಕೊಡಬೇಡಿ. ಯಾವುದು ಬೇಕು, ಏಕೆ ಬೇಕು ಎಂದು ಕೇಳಿ. ಗೆಳತಿಯರೆಲ್ಲ ಬರಬೇಕೆಂಬ ಆಸೆ ಇರಬಹುದು, ಅಜ್ಜಿ ಕಣ್ಣಾರೆ ನೋಡಲಿ ಎಂದಿರಬಹುದು. ಇಬ್ಬರೂ ಕೂತು ಖರ್ಚಿನ ಪಟ್ಟಿ ಬರೆಯಿರಿ. ಎರಡೂ ಮನೆಗಳಲ್ಲಿ ಸಾಲ ತಂದು ಮಾಡಬೇಕಾದ ಸಾಲುಗಳನ್ನು ಹೊಡೆದುಹಾಕಿ. ಉಳಿದದ್ದರಲ್ಲಿ ಅವರ ಇಷ್ಟದ್ದು ಇರಲಿ. ಅದರಲ್ಲಿ ಆರತಕ್ಷತೆಯೂ ಉಳಿದುಕೊಂಡರೆ ಎರಡು ಗಂಟೆ ನಗುತ್ತಾ ನಿಲ್ಲಿ. ಕಾಲು ನೋಯುತ್ತದೆ ಅಷ್ಟೆ.